ಬಲಗೈಗೆ ಕಟ್ಟಿಕೊಂಡ ವಾಚು

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಬಾಯಿ ಜೋರಿರುವವರಿಗೆ ಧೈರ್ಯವೂ ಜೋರಿರುತ್ತದೆ ಎಂದು ಜನ ತಿಳಿಯುತ್ತಾರೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಆದರೆ ನಾನು ಯಾವುದಕ್ಕೆಲ್ಲ ಹೆದರುತ್ತೇನೆಂದು ಹೇಳಲು ಕೂತರೆ ಬೆಳಗಿನ ಚಹಾ ಸಂಜೆಗೆ ಬಂದೀತು. ಹಲ್ಲಿ, ಸಿಡಿಲು, ಸೂಜಿ, ಲಿಫ್ಟು. ಇವೆಲ್ಲಕ್ಕಿಂತ ಹೆಚ್ಚಾಗಿ ಬೀಳುವುದಕ್ಕೆ ಹೆದರುತ್ತೇನೆ.

ಈ ಬೀಳುವ ಹೆದರಿಕೆ ಸುಮ್ಮನೆ ಬಂದದ್ದಲ್ಲ. ನನ್ನ ನೆಗೆಣ್ಣಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ನನಗಿಂತ ಮೊದಲೇ ಮೊಣಕಾಲಿನ ಕೀಲು ಬದಲಿಸಿಕೊಂಡವಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಬಂದ ಕೆಲವೇ ದಿನಕ್ಕೆ, "ನನಗೇನಾಗೇತಿ, ಗಟ್ಟಿ ಅದೇನಿ" ಎಂದು ವಾಕರ್ ಬಿಟ್ಟು ಬಚ್ಚಲಿಗೆ ಹೋದಳು. ಒದ್ದೆ ಫರಸಿಯ ಮೇಲೆ ಕಾಲು ಜಾರಿತು. ಬಿದ್ದದ್ದು ಹೊಸ ಕೀಲಿನ ಮೇಲೆಯೇ. ಆಮೇಲೆ ಆ ಕಾಲು ನೆಟ್ಟಗಾಗಲಿಲ್ಲ. ಆವತ್ತು ನಾನು ಅವರ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಮೊದಲು ಧಪ್ ಎಂಬ ಸದ್ದು, ಅದರ ಹಿಂದೆಯೇ ಅವಳ ಚೀರಾಟ. ಅವೆರಡೂ ನನ್ನ ಕಿವಿಯಲ್ಲಿ ಇನ್ನೂ ಹಾಗೆಯೇ ಇವೆ.

ಹೀಗಾಗಿ ನನ್ನ ಬಲ ಮೊಣಕಾಲು ಪೂರಾ ಸವೆದಿದೆ, ಬದಲಿಸದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದಾಗ, ಈ ಹಬ್ಬ ಆಗಲಿ, ಆ ಹಬ್ಬ ಆಗಲಿ ಎಂದು ದೂಡುತ್ತ ಹೋದೆ. ಕಡೆಗೆ ದುರ್ಗದಬೈಲಿನ ನಮ್ಮ ಬಟ್ಟೆ ಅಂಗಡಿಯ ಮೆಟ್ಟಿಲನ್ನು ಕುಂಡಿಯ ಮೇಲೆ ಕೂತು ಇಳಿಯುವ ದಿನ ಬಂತು. ಅದನ್ನು ಕಂಡ ಯಜಮಾನರು ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಪರೇಷನ್ ಕೋಣೆಗೆ ಹೋಗುವ ಮುಂಚೆ ಕೊರಳಿನ ಲಿಂಗ ತೆಗೆದು ಮಗಳ ಕೈಗೆ ಕೊಡಬೇಕಾಯಿತು. ದೀಕ್ಷೆಯಾದಾಗಿನಿಂದ ಅದು ನನ್ನ ಮೈ ಬಿಟ್ಟದ್ದಿಲ್ಲ, ಹೆರಿಗೆಯಲ್ಲಿ ಕೂಡ. ಬರಿಗೊರಳಲ್ಲಿ ಆ ಗಾಲಿಮಂಚದ ಮೇಲೆ ಮಲಗಿ ಹೋಗುವಾಗ ನನ್ನನ್ನು ಯಾರೋ ಅರ್ಧಕ್ಕೆ ಕೈಬಿಟ್ಟಂತೆ ಅನ್ನಿಸಿತ್ತು. ಎಚ್ಚರವಾದ ಮೇಲೆ ಮೊದಲು ಮುಟ್ಟಿ ನೋಡಿಕೊಂಡದ್ದು ಕಾಲನ್ನಲ್ಲ, ಕೊರಳನ್ನು. ಮಗಳು ಕಟ್ಟಿಟ್ಟಿದ್ದಳು. ಆಗ ಸಮಾಧಾನವಾಯಿತು.

ಮನೆಗೆ ಬಿಡುವ ದಿನ ವ್ಯಾಯಾಮ ಮಾಡಿಸುವ ಫಿಜಿಯೋ ಹುಡುಗಿ ಬಂದು ನನ್ನ ಎಡಗೈಗೆ ಒಂದು ಕರಿ ವಾಚು ಕಟ್ಟಿದಳು. ಅದು ಹೊತ್ತು ತೋರಿಸುವುದು ಕಡಿಮೆ, ಚಾಡಿ ಹೇಳುವುದೇ ಹೆಚ್ಚು. ನಾನು ಎಷ್ಟು ಹೆಜ್ಜೆ ನಡೆದೆ, ಎದೆ ಎಷ್ಟು ಬಡಿದುಕೊಂಡಿತು, ಎಷ್ಟು ನಿದ್ದೆ ಮಾಡಿದೆ, ಎಲ್ಲವೂ ಯಜಮಾನರ ಫೋನಿಗೆ, ಧಾರವಾಡದಲ್ಲಿರುವ ಮಗಳ ಫೋನಿಗೆ, ಆಸ್ಪತ್ರೆಯಲ್ಲಿ ಆ ಹುಡುಗಿಯ ಕಂಪ್ಯೂಟರಿಗೆ ಹೋಗುತ್ತಿತ್ತು.

"ಜಳಕಾ ಮಾಡೂ ಮುಂದ ಬಿಟ್ಟರ ಮೈಮ್ಯಾಲಿಂದ ತಗೀಬ್ಯಾಡ್ರಿ ಅಮ್ಮಾರ," ಎಂದಳು.

"ಹಂಗ ತಗೀಬಾರದಂತ ಹೇಳಿದ್ದು ನನ್ನ ಮೈಮ್ಯಾಲ ಮೊದಲ ಒಂದೈತಿ ಯವ್ವಾ," ಎಂದೆ. ಅವಳಿಗೆ ಅರ್ಥವಾಯಿತು, ನಕ್ಕಳು.

ಮನೆಯಲ್ಲಿ ಮೊದಲ ಬೆಳಗಿನ ಪೂಜೆಗೆ ಕೂತೆ. ನೆಲದ ಮೇಲೆ ಕೂರುವ ಮಾತು ಮುಗಿದಿತ್ತು, ಕುರ್ಚಿಯೇ ಗತಿ. ವಿಭೂತಿ ಹಚ್ಚಿಕೊಂಡು ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ದೃಷ್ಟಿ ನಿಲ್ಲಿಸಿ, ಇನ್ನೇನು ಬಿಲ್ವಪತ್ರಿ ಏರಿಸಬೇಕು, ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ವಾಚು ಗುರ್ ಎಂದು ನಡುಗಿತು. ನಾನು ಬೆಚ್ಚಿಬಿದ್ದೆ. ಲಿಂಗ ಅಂಗೈಯಿಂದ ಉರುಳಿತು. ಬಲಗೈ ತಾನಾಗಿ ಮುಂದೆ ಬಂದು ಮಡಿಲ ಮೇಲೆ ಹಿಡಿದುಕೊಂಡಿತು, ಇಲ್ಲದಿದ್ದರೆ ನೆಲ ಸೇರುತ್ತಿತ್ತು. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಏನೆಂದು ಗೊತ್ತಿರುವವರಿಗೆ ನನ್ನ ಆಗಿನ ಸ್ಥಿತಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರು ಅದನ್ನು ಮನೆಗೆ ಕೇಡು ಬಂದಂತೆ ಎಂದು ತಿಳಿದುಕೊಳ್ಳಲಿ. ವಾಚು ಹೇಳಿದ್ದು ಇಷ್ಟೇ: ಬಹಳ ಹೊತ್ತು ಕೂತಿದ್ದೀರಿ, ಏಳಿ.

ಪೂಜೆ ಮುಗಿಸಿ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಎಡಗೈಯಿಂದ ಬಿಚ್ಚಿದ್ದು. ಬಿಸಾಡುವಂತಿಲ್ಲ, ಮಗಳು ಬೈಯುತ್ತಾಳೆ. ಬಲಗೈಗೆ ಕಟ್ಟಿಕೊಂಡೆ. ಎಡಗೈ ಲಿಂಗದ್ದು, ಬಲಗೈ ಆಸ್ಪತ್ರೆಯದು, ಇಬ್ಬರಿಗೂ ಅವರವರ ಜಾಗ ಎಂದು ನನ್ನಷ್ಟಕ್ಕೆ ನ್ಯಾಯ ಹೇಳಿಕೊಂಡೆ. ಯಾರಿಗೂ ತಿಳಿಸಲಿಲ್ಲ. ಇದರಲ್ಲಿ ತಿಳಿಸುವಂಥದ್ದು ಏನಿದೆ ಎಂದುಕೊಂಡೆ.

ಇನ್ನು ನಡೆಯುವ ಪಾಡು. ವಾಕರ್ ಹಿಡಿದು ಪಡಸಾಲೆಯಲ್ಲಿ ಹೋಗಿ ಬಾ ಎಂದು ಹೇಳಿದ್ದರು, ದಿನದಿನಕ್ಕೆ ಹೆಚ್ಚು ಮಾಡು ಎಂದಿದ್ದರು. ಮಂಚದಿಂದ ಎದ್ದು ನಿಂತರೆ ಸಾಕು, ಕೆಳಗಿನ ಫರಸಿ ಒದ್ದೆಯಾಗಿ ಕಾಣುತ್ತಿತ್ತು. ಒಣಗಿದ್ದರೂ ಒದ್ದೆಯಾಗಿಯೇ ಕಾಣುತ್ತಿತ್ತು. ಹೆದರಿದವನಿಗೆ ಹಗ್ಗವೆಲ್ಲ ಹಾವು. ಎದೆ ಡವಡವ ಎನ್ನುತ್ತಿತ್ತು, ವಾಚು ಅದನ್ನು ಹಿಡಿದು ಕೆಂಪು ಬಣ್ಣ ತೋರಿಸುತ್ತಿತ್ತು, ಅದನ್ನು ಕಂಡು ಎದೆ ಇನ್ನಷ್ಟು ಬಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಧಾರವಾಡದಿಂದ ಮಗಳ ಫೋನು.

"ಅವ್ವಾ, ಎದಿ ಯಾಕ ಅಷ್ಟು ಬಡಕೊಳ್ಳಾಕತ್ತೇತಿ? ಏನಾತು?"

"ನಿನ್ನ ಫೋನ್ ಬಂದದ್ದಕ್ಕ ಬಡಕೊಳ್ಳಾಕತ್ತೇತಿ. ಇಡು," ಎನ್ನುತ್ತಿದ್ದೆ.

ಜೋರು ಮಾಡಿ ಫೋನಿಟ್ಟು, ಮತ್ತೆ ಮಂಚದ ಮೇಲೆ ಕೂತುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಬಚ್ಚಲಿಗೆ, ದೇವರ ಮುಂದಿನ ಕುರ್ಚಿಗೆ, ಅಡುಗೆಮನೆಗೆ, ಇಷ್ಟು ಬಿಟ್ಟು ನನ್ನ ಕಾಲು ಬೇರೆಲ್ಲೂ ಹೋಗಲಿಲ್ಲ. ಅಡುಗೆಮನೆ ಮಾತ್ರ ನನಗೆ ಹೆದರಿಕೆಯಾಗದ ಜಾಗ. ಕಟ್ಟೆಗೆ ಹೊಂದುವಂಥ ಎತ್ತರದ ಕುರ್ಚಿಯೊಂದನ್ನು ಯಜಮಾನರು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ತಂದುಹಾಕಿದ್ದರು. ಅದರ ಮೇಲೆ ಕೂತು ಕಾಲು ಮುಂದಕ್ಕೆ ಚಾಚಿದರೆ ಎದುರಿಗೆ ಜೋಳದ ಹಿಟ್ಟು, ಬಗಲಿಗೆ ಹಂಚು. ಅಂಗಡಿಯಲ್ಲಿ ದುಡಿಯುವವರ ಮಧ್ಯಾಹ್ನದ ಬುತ್ತಿ ನಮ್ಮ ಮನೆಯಿಂದಲೇ ಹೋಗುವುದು ನಮ್ಮ ಮಾವನವರ ಕಾಲದಿಂದ ಬಂದ ಪದ್ಧತಿ. ಸಾಲದ್ದಕ್ಕೆ ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು, ಅದರ ಬೆನ್ನಿಗೆ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಓಣಿಗೆಲ್ಲ ಹಂಚಬೇಕು. "ಈ ವರ್ಷ ರೊಟ್ಟಿ ಕೇಂದ್ರದಿಂದ ತರ್ತೇನಿ, ನೀ ಸುಮ್ಮನಿರು" ಎಂದು ಯಜಮಾನರು ಹೇಳಿದರು. ನಾನು ಕೇಳಬೇಕಲ್ಲ. ಕಾಲು ಹೆದರಿ ಕೂತಿತ್ತು, ಕೈಗೆ ಹೆದರಿಕೆಯೆಂದರೇನೆಂದೇ ಗೊತ್ತಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಲ್ಲೇ ಟಪ ಟಪ ಟಪ ಬಡಿಯುತ್ತಿದ್ದೆ. ಆ ಸದ್ದಿನಲ್ಲಿ ನೆಗೆಣ್ಣಿಯ ಚೀರಾಟ ಸ್ವಲ್ಪ ಹೊತ್ತು ಕೇಳಿಸುತ್ತಿರಲಿಲ್ಲ.

ಸಂಜೆ ಅಂಗಡಿಯಿಂದ ಬಂದ ಯಜಮಾನರು ಚಹಾ ಕುಡಿಯುತ್ತ ಫೋನು ನೋಡುವರು. ನೋಡಿ ಹಿಗ್ಗುವರು. ಹೆಜ್ಜೆಗಳ ಅಂಕಿ ದಿನದಿನಕ್ಕೆ ಏರುತ್ತಿತ್ತು. ಫಿಜಿಯೋ ಹುಡುಗಿ ಫೋನು ಮಾಡಿ, "ಭಾಳ ಛಲೋ ನಡ್ಯಾಕತ್ತೀರಿ ಅಮ್ಮಾರ. ಉಳಿದ ಪೇಷಂಟ್ ಮುಂದ ನಿಮ್ಮದ ಉದಾಹರಣಿ ಕೊಡಾಕತ್ತೇನಿ" ಎಂದಳು.

ನನಗೆ ಆಶ್ಚರ್ಯವಾಯಿತು. ಇಷ್ಟು ಯಾವಾಗ ನಡೆದೆ? ಬಚ್ಚಲಿಗೆ ಹೋಗಿ ಬರುವುದೇ ಇಷ್ಟಾಗುತ್ತದೆಯೇ? ಆದರೆ ತುಂಬಾ ಅಂಕ ಕೊಟ್ಟ ಮಾಸ್ತರರ ಬಳಿ ಹೋಗಿ, ಸರ್, ನನಗೆ ಕಡಿಮೆ ಬರಬೇಕಿತ್ತು ಎಂದು ಯಾರು ಹೇಳುತ್ತಾರೆ? ಲಕ್ಷಗಟ್ಟಲೆ ಜನ ಕಟ್ಟಿಕೊಳ್ಳುವ ಯಂತ್ರಕ್ಕೆ ನನಗಿಂತ ಹೆಚ್ಚು ಗೊತ್ತಿರಬೇಕು ಎಂದು ನಂಬಿದೆ. ನಂಬಿದರೆ ಪಡಸಾಲೆಗೆ ಹೋಗುವುದು ತಪ್ಪುತ್ತಿತ್ತಲ್ಲ, ಅದಕ್ಕೇ ನಂಬಿದೆ.

ಎಳ್ಳಮಾವಾಸ್ಯೆಯ ಹಿಂದುಮುಂದು ಬಲಗಾಲಿನ ಮೀನಖಂಡ ಹಿಡಿದುಕೊಂಡಂತೆ ನೋಯತೊಡಗಿತು. ಮೊಣಕಾಲಿನ ನೋವು ಗೊತ್ತಿದ್ದದ್ದು, ಇದು ಬೇರೆ. ಒಳಗೆ ಯಾರೋ ಮುಷ್ಟಿ ಬಿಗಿಹಿಡಿದು ಕೂತ ಹಾಗೆ. ಹುಡುಗಿಗೆ ಫೋನು ಮಾಡಿದೆವು. ಅವಳು ಕಂಪ್ಯೂಟರಿನಲ್ಲಿ ನನ್ನ ಹೆಜ್ಜೆ ನೋಡಿದಳು.

"ಭಾಳ ಅಡ್ಡಾಡೀರಿ ಅಮ್ಮಾರ, ಅದಕ್ಕ ಸ್ನಾಯು ದಣದಾವು. ಒಂದೆರಡ ದಿನ ನಡ್ಯೂದು ಬಿಡ್ರಿ. ಕಾಲು ದಿಂಬಿನ ಮ್ಯಾಲ ಇಟ್ಟು ಆರಾಮ ಮಾಡ್ರಿ."

ಇಂಥ ಹಿತವಾದ ಮಾತನ್ನು ಆಸ್ಪತ್ರೆಯವರ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಯಜಮಾನರು ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮೀನಖಂಡಕ್ಕೆ ಹಚ್ಚಿ ತಿಕ್ಕಿದರು. ಮದುವೆಯಾದಾಗಿನಿಂದ ನನ್ನ ಕಾಲು ಮುಟ್ಟದ ಮನುಷ್ಯ ನೆಲದ ಮೇಲೆ ಕೂತು ತಿಕ್ಕಿದರು. ನನಗೆ ನಾಚಿಕೆಯಾಯಿತು, ಹಿತವೂ ಆಯಿತು.

ನಡೆಯುವುದನ್ನು ಪೂರಾ ಬಿಟ್ಟೆ. ಆದರೆ ರೊಟ್ಟಿ ಬಿಡಲಾದೀತೆ? ಯಜಮಾನರೇ ಕೈಹಿಡಿದು ಅಡುಗೆಮನೆಯ ಕುರ್ಚಿಗೆ ಕೂರಿಸಿ ಅಂಗಡಿಗೆ ಹೋದರು. ಕಾಲನ್ನು ಒಂದು ಡಬ್ಬದ ಮೇಲಿಟ್ಟುಕೊಂಡು ಬಡಿಯುತ್ತ ಕೂತೆ. ಮಧ್ಯಾಹ್ನ ಬುತ್ತಿ ಒಯ್ಯಲು ಬಂದ ಯಜಮಾನರು ಬಾಗಿಲಲ್ಲೇ ಫೋನು ನೋಡಿ ಸಿಟ್ಟಿಗೆದ್ದರು.

"ಏನ್ ಹೆಂಗಸದಿ ನೀ! ನಡೀಬ್ಯಾಡ ಅಂದರ ಇಡೀ ಮುಂಜಾನಿ ಮನಿ ತುಂಬ ಅಡ್ಡಾಡೀಯಲ್ಲ! ನಿನ್ನೆಗಿಂತ ಜಾಸ್ತಿ ಆಗೇತಿ."

"ನೀವ ಕುಂದರಿಸಿ ಹೋದ ಕುರ್ಚಿ ಬಿಟ್ಟು ನಾ ಎದ್ದಿಲ್ಲರಿ."

"ಮತ್ತ ಈ ಹೆಜ್ಜಿ ಯಾರವು? ನಮ್ಮ ಅವ್ವ ಬಂದು ಅಡ್ಡಾಡಿ ಹೋದಳೇನು?"

ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಮೈ ಜುಮ್ಮೆಂದಿತು. ನಾನು ಏಳದಿದ್ದರೆ ನನ್ನ ಲೆಕ್ಕದಲ್ಲಿ ಈ ಮನೆಯಲ್ಲಿ ನಡೆಯುತ್ತಿರುವವರು ಯಾರು? ಹಂಚಿನ ಮೇಲಿನ ರೊಟ್ಟಿ ಹೊತ್ತೀತೆಂದು ಅದನ್ನು ತಿರುವಿಹಾಕಿ, ಮುಂದಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದೆ. ಬಟ್ಟೆ ಅಳೆದು ಅಳೆದು ಅವರ ಕಣ್ಣು ಯಾವಾಗಲೂ ಎದುರಿನವರ ಕೈಯ ಮೇಲೇ ಇರುತ್ತದೆ. ಹತ್ತಿರ ಬಂದರು. ಬಗ್ಗಿ ನನ್ನ ಮಣಿಕಟ್ಟು ನೋಡಿದರು.

"ಬಡಿ," ಎಂದರು. ಬಡಿದೆ. "ನಿಲ್ಲಸು." ನಿಲ್ಲಿಸಿದೆ. "ಮತ್ತ ಬಡಿ."

ನಾನೂ ಬಗ್ಗಿ ನೋಡಿದೆ. ಬಡಿದಾಗ ವಾಚಿನ ಅಂಕಿ ಏರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಆ ಯಂತ್ರಕ್ಕೆ ಅಂಗೈಯ ಬಡಿತವೂ ಒಂದೇ, ಅಂಗಾಲಿನ ಹೆಜ್ಜೆಯೂ ಒಂದೇ.

ಮೊದಲು ಇಬ್ಬರೂ ನಕ್ಕೆವು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಸ್ಪತ್ರೆಯವರು ಬೇರೆ ರೋಗಿಗಳಿಗೆ ನನ್ನ ರೊಟ್ಟಿಯ ಉದಾಹರಣೆ ಕೊಡುತ್ತಿದ್ದಾರಲ್ಲ ಎಂದು ನಕ್ಕೆ. ಅವರ ನಗು ಮೊದಲು ನಿಂತಿತು.

"ಹಂಗಾರ ನೀ ನಡದೇ ಇಲ್ಲ," ಎಂದರು.

"ಇಲ್ಲ."

"ನಡದೇ ಇಲ್ಲ ಅಂದಮ್ಯಾಲ ಆ ನೋವು ಯಾವುದರದು?"

ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಅವರು ಅಲ್ಲಿಯೇ ನಿಂತು ಹುಡುಗಿಗೆ ಫೋನು ಹಚ್ಚಿ, ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಕಡೆಯಿಂದ ಬಂದ ದನಿ ಬೇರೆಯಾಗಿತ್ತು. ಗಟ್ಟಿಯಾಗಿ ಕೇಳುವಂತೆ ಫೋನನ್ನು ಕಟ್ಟೆಯ ಮೇಲಿಟ್ಟಿದ್ದರಿಂದ ಒಂದೊಂದು ಮಾತೂ ನನಗೆ ಕೇಳಿಸಿತು.

"ಕಾಕಾರ, ಎರಡೂ ಕಾಲು ಬಾಜೂಕ ಬಾಜೂಕ ಇಟ್ಟು ನೋಡ್ರಿ. ಆಪರೇಷನ್ ಆದ ಕಾಲಿನ ಮೀನಖಂಡ ದಪ್ಪ ಐತೇನ್ರಿ? ಕೆಂಪಗ, ಬಿಸಿ?"

ಅವರು ನನ್ನ ಸೀರೆಯ ಅಂಚು ಸರಿಸಿ ನೋಡಿದರು. ನಾನು ಅವರ ಮುಖ ನೋಡಿದೆ. "ಐತ್ರಿ," ಎಂದರು.

"ಅದನ್ನ ತಿಕ್ಕೀರೇನು? ಎಣ್ಣಿ ಗಿಣ್ಣಿ ಹಚ್ಚಿ?"

ಅವರು ತಮ್ಮ ಅಂಗೈ ನೋಡಿಕೊಂಡರು. "ತಿಕ್ಕ್ಯಾರ ಯವ್ವಾ," ಎಂದು ನಾನೇ ಹೇಳಿದೆ.

"ಇನ್ನ ಮುಟ್ಟಬ್ಯಾಡ್ರಿ. ಏನೂ ತಡಾ ಮಾಡಬ್ಯಾಡ್ರಿ, ಈಗಿಂದೀಗ ಬರ್ರಿ. ಒಳಗ ರಕ್ತ ಗಡ್ಡಿ ಕಟ್ಟಿರಬೇಕು. ತಿಕ್ಕಿದರ ಅದು ಕಿತ್ತುಕೊಂಡು ಮ್ಯಾಲ ಎದಿಗೆ ಹೋಗತೈತಿ. ಹೋದರ…" ಯಜಮಾನರು ಒಲೆ ಆರಿಸಿದರು.

ಓಣಿಯ ತಿರುವಿನಲ್ಲಿದ್ದ ಆಟೋ ಕರೆದರು. ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತೆ, ಅವರು ಚಾಲಕನ ಬಗಲಿಗೆ ಅರ್ಧ ಕುಂಡಿಯಲ್ಲಿ ಕೂತರು. ಹುಬ್ಬಳ್ಳಿಯ ರಸ್ತೆಯ ತಗ್ಗುಗಳನ್ನು ನಾನು ಜೀವಮಾನವೆಲ್ಲ ಬೈದಿದ್ದೇನೆ. ಆವತ್ತು ಬೈಯಲಿಲ್ಲ, ಒಂದೊಂದಕ್ಕೂ ಕೈ ಮುಗಿದೆ. ಪ್ರತಿ ತಗ್ಗಿಗೂ ಕಾಲೊಳಗಿನ ಆ ಗಡ್ಡೆ ಕದಲಿತೇ, ಮೇಲೆ ಹತ್ತಿತೇ, ತೊಡೆಗೆ ಬಂತೇ, ಎದೆಗೆ ಬಂತೇ ಎಂದು ಕಾಯುತ್ತಿದ್ದೆ. ಉಸಿರು ಜೋರಾಗಿ ಎಳೆದುಕೊಳ್ಳಲೂ ಹೆದರಿಕೆ. ನನಗೆ ಸಾಯುವುದು ಬೇಕಿರಲಿಲ್ಲ. ವಯಸ್ಸಾಯಿತು, ಎಲ್ಲ ನೋಡಿದ್ದಾಯಿತು, ಶಿವ ಕರೆದರೆ ಹೊರಟೆ ಎಂದೆಲ್ಲ ನಾಲ್ಕು ಜನರ ಮುಂದೆ ಹೇಳುತ್ತಿದ್ದವಳು ನಾನೇ. ಆಟೋದಲ್ಲಿ ಕೂತಾಗ ಆ ಮಾತುಗಳಲ್ಲಿ ಒಂದೂ ನನ್ನ ಜೊತೆ ಬರಲಿಲ್ಲ. ಎಡಗೈಯಲ್ಲಿ ಕೊರಳಿನ ಲಿಂಗ ಹಿಡಿದುಕೊಂಡು, ಬಲಗೈಯಲ್ಲಿ ಆಟೋದ ಸರಳು ಹಿಡಿದುಕೊಂಡು, ಇನ್ನೊಂದಿಷ್ಟು ದಿನ ಇಟ್ಟುಕೋ ತಂದೆ ಎಂದು ಬೇಡಿಕೊಂಡೆ.

ಆಸ್ಪತ್ರೆಯ ಗೇಟು ಬಂತು ಅನ್ನುವಾಗ ಬಲಗೈ ಗುರ್ ಎಂದು ನಡುಗಿತು. ಗಡ್ಡೆ ಎದೆಗೇ ಬಂತು ಎಂದುಕೊಂಡು ಕಿರುಚಿದೆ. ಅದು ವಾಚು. ಗಾಜಿನ ಮೇಲೆ ಬಣ್ಣಬಣ್ಣದ ಚುಕ್ಕೆ ಹಾರುತ್ತಿದ್ದವು. ರಸ್ತೆಯ ಕುಲುಕಾಟವನ್ನೂ ನನ್ನ ಹೆಜ್ಜೆಗೆ ಸೇರಿಸಿಕೊಂಡು, ಇವತ್ತಿನ ಗುರಿ ಮುಟ್ಟಿದಿರಿ, ಶಭಾಷ್ ಎನ್ನುತ್ತಿತ್ತು. ಯಜಮಾನರು ತಿರುಗಿ ನೋಡಿ ಅದನ್ನು ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಕಾಲಿಗೆ ತಣ್ಣನೆಯ ಲೋಳೆ ಹಚ್ಚಿ ಸ್ಕ್ಯಾನ್ ಮಾಡಿದರು. ಮಾಡುವ ಡಾಕ್ಟರು ಮೊದಲು ಏನೇನೋ ಮಾತಾಡಿಸುತ್ತಿದ್ದವರು ಮೀನಖಂಡಕ್ಕೆ ಬಂದಾಗ ಪರದೆಯ ಹತ್ತಿರಕ್ಕೆ ಬಗ್ಗಿದರು. ಗಡ್ಡೆ ಇತ್ತು. ಎದೆಗೆ ಹೋಗಿರಲಿಲ್ಲ. ರಕ್ತ ತೆಳುವಾಗಲು ಹೊಟ್ಟೆಗೆ ಸೂಜಿ ಚುಚ್ಚಿದರು. ಸೂಜಿಗೆ ಹೆದರುವ ನಾನು ಆವತ್ತು ಇನ್ನೂ ಒಂದು ಹಾಕಿರಿ ಎಂದೆ.

ಅಲ್ಲಿದ್ದ ದಿನಗಳಲ್ಲಿ ಕೆಮ್ಮು ಬಂದರೆ ತಡೆದುಕೊಳ್ಳುತ್ತಿದ್ದೆ. ಯಜಮಾನರು ಮಂಚದ ಬಗಲಿಗೆ ಕೂತಿರುತ್ತಿದ್ದರು, ನನ್ನ ಕಾಲಿನ ಕಡೆಗಲ್ಲ, ತಲೆಯ ಕಡೆಗೆ. ಎಣ್ಣೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫಿಜಿಯೋ ಹುಡುಗಿ ಬಂದು ನಿಂತಳು, ಕಣ್ಣು ಕೆಂಪಗಾಗಿದ್ದವು.

"ನಾ ಅಂಕಿ ನೋಡಿದ್ನಿ ಅಮ್ಮಾರ, ಕಾಲು ನೋಡಲಿಲ್ಲ."

"ನಾನೂ ಅದನ್ನ ಮಾಡಿದ್ನಿ ಯವ್ವಾ. ನಿನ್ನ ಹತ್ರ ಬರೇ ಅಂಕಿ ಇತ್ತು, ನನ್ನ ಹತ್ರ ಕಾಲೂ ಇತ್ತು."

ಅವಳು ನನ್ನ ಕೈ ಹಿಡಿದುಕೊಂಡು ನಿಂತಳು.

ಗಡ್ಡೆ ಕರಗುತ್ತಿದೆ, ಆದರೆ ನಡೆಯಲೇಬೇಕು, ಕೂತರೆ ಮತ್ತೆ ಕಟ್ಟುತ್ತದೆ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನಡೆದರೆ ಬಿದ್ದೇನು, ಕೂತರೆ ಸತ್ತೇನು. ಅತ್ತ ದರಿ ಇತ್ತ ಪುಲಿ ಎಂದು ಸಾಲೆಯಲ್ಲಿ ಓದಿದ್ದೆ, ನಮ್ಮ ಪಡಸಾಲೆಯಲ್ಲೇ ಅದನ್ನು ಕಾಣುವೆನೆಂದು ತಿಳಿದಿರಲಿಲ್ಲ. ಬೀಳುವ ಹೆದರಿಕೆ ಹೋಗಿಲ್ಲ. ಅದಕ್ಕಿಂತ ದೊಡ್ಡದೊಂದು ಹೆದರಿಕೆ ಬಂದು ಅದನ್ನು ಹಿಂದಕ್ಕೆ ತಳ್ಳಿದೆ, ಅಷ್ಟೇ.

ವಾಚು ಈಗ ಎಡಗೈಗೆ ಮರಳಿದೆ. ಪೂಜೆಗೆ ಕೂರುವ ಮುಂಚೆ, ರೊಟ್ಟಿಗೆ ಕೂರುವ ಮುಂಚೆ ಬಿಚ್ಚಿ ಯಜಮಾನರ ಕೈಗೆ ಕೊಡುತ್ತೇನೆ. ಫಿಜಿಯೋ ಹುಡುಗಿಯೇ ಒಪ್ಪಿದ ಏರ್ಪಾಡು ಅದು. ಹಾಗೆ ಮಾಡಿದ ಮೊದಲ ಸಂಜೆ ಫೋನಿನಲ್ಲಿ ಬಂದ ಅಂಕಿ ಎಷ್ಟು ಸಣ್ಣದಿತ್ತೆಂದರೆ, ಅದನ್ನು ನೋಡಿ ನಾನು ಅತ್ತುಬಿಟ್ಟೆ. ಆ ಎಲ್ಲ ದಿನಗಳಲ್ಲಿ ನಾನು ನಿಜವಾಗಿ ನಡೆದದ್ದು ಅಷ್ಟೂ ಇರಲಿಲ್ಲ.

ಈಗ ರೊಟ್ಟಿ ಮುಗಿಯುವ ಹೊತ್ತಿಗೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಹಿಟ್ಟಿನ ಕೈ ತೊಳೆದುಕೊಂಡ ಮೇಲೆ ಕಿಸೆಯಿಂದ ವಾಚು ತೆಗೆದು ತಾವೇ ಕಟ್ಟುತ್ತಾರೆ.

"ಕೈ ನಡದದ್ದು ಆತು. ಇನ್ನ ಕಾಲು ನಡೀಲಿ," ಎನ್ನುತ್ತಾರೆ.

ವಾಕರ್ ಹಿಡಿದು ಏಳುತ್ತೇನೆ. ಪಡಸಾಲೆ ದಾಟಿ, ಅಂಗಳ ದಾಟಿ, ಗೇಟಿನವರೆಗೆ. ಅವರು ಹಿಂದೆಯೇ ಬರುತ್ತಾರೆ, ಹೊಸದಾಗಿ ನಡೆಯುವ ಕೂಸಿನ ಹಿಂದೆ ಬರುವಂತೆ ಎರಡೂ ಕೈ ಅಗಲಿಸಿಕೊಂಡು. ಆದರೆ ಆ ಎಣ್ಣೆಯ ದಿನದಿಂದ ಅವರು ನನ್ನ ಕಾಲು ಮುಟ್ಟಿಲ್ಲ. ಚಪ್ಪಲಿ ಸರಿ ಮಾಡುವಾಗಲೂ ಚಪ್ಪಲಿಯನ್ನಷ್ಟೇ ಮುಟ್ಟುತ್ತಾರೆ. ಗೇಟಿನ ಬಳಿ ನಿಂತು ಇಬ್ಬರೂ ವಾಚು ನೋಡುತ್ತೇವೆ. ನನ್ನ ಎದೆ ಎಷ್ಟು ಬಡಿದುಕೊಳ್ಳುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಅವರದು ಎಲ್ಲೂ ಕಾಣುವುದಿಲ್ಲ.